ಸಹಾಯ ಬೇಕು: ಕಲಬುರಗಿ–ಯಾದಗಿರಿ ಲೀಸ್ಡ್ ಲೈನ್, ಪಿಂಗ್ ಹೋಗ್ತದ, ಫೈಲ್ ಬರವಲ್ದು

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿ ಹೆಡ್ ಆಫೀಸಿಗೂ ಯಾದಗಿರಿ ಬ್ರಾಂಚಿಗೂ ನಡುವ 4 ಎಂಬಿಪಿಎಸ್ ಪಾಯಿಂಟ್ ಟು ಪಾಯಿಂಟ್ ಲೀಸ್ಡ್ ಲೈನ್ (ನಮಗಷ್ಟೇ ಅಂತ ಬಾಡಿಗೆಗೆ ತಗೊಂಡ ಲೈನ್) ಅದ. ಎರಡೂ ಕಡೆ ಮೋಡೆಮ್‌ನಿಂದ ಈಥರ್ನೆಟ್ ಕೇಬಲ್ ರೂಟರಿಗೆ ಬರ್ತದ.

ಲೈನಿಗೆ 10.10.10.1 ಮತ್ತು 10.10.10.2, ಮಾಸ್ಕ್ 255.255.255.252. ಕಲಬುರಗಿ ಲ್ಯಾನ್ 192.168.10.0, ಯಾದಗಿರಿ 192.168.20.0. ಮೊದಲು ಎರಡೂ ಕಡೆ 192.168.1.0 ಇತ್ತು, ಹಂಗಿದ್ರ ರೂಟಿಂಗ್ ಆಗಂಗಿಲ್ಲ ಅಂತ ಬದಲಿಸಿದ್ದು. ಎರಡೂ ರೂಟರಿನ್ಯಾಗ ಎದುರಿನ ಲ್ಯಾನಿಗೆ ಸ್ಟ್ಯಾಟಿಕ್ ರೂಟ್ (ಕೈಯಿಂದ ಬರೆದ ದಾರಿ) ಅದ, ನ್ಯಾಟ್ (ಐಪಿ ವಿಳಾಸ ಬದಲಿಸೋದು) ಇಲ್ಲ.

ಯಾದಗಿರಿಯಿಂದ ಸರ್ವರ್ 192.168.10.5ಕ್ಕ ಪಿಂಗ್ (ಆ ಕಡೆ ಮುಟ್ತದೇನು ಅಂತ ನೋಡೋ ಸಣ್ಣ ಪ್ಯಾಕೆಟ್) ಒಂದೂ ತಪ್ಪಂಗಿಲ್ಲ. ಶೇರ್ಡ್ ಫೋಲ್ಡರಿನ ಹೆಸರೂ ಕಾಣ್ತಾವ. ಆದ್ರ 2 ಎಂಬಿ ಎಕ್ಸೆಲ್ ಫೈಲ್ ಕಾಪಿಗೆ ಹಾಕಿದ್ರ ಹಸಿರು ಪಟ್ಟಿ ಶುರುವಿಗೇ ನಿಂತುಬಿಡ್ತದ. ಡೋಂಟ್ ಫ್ರಾಗ್ಮೆಂಟ್ (ಪ್ಯಾಕೆಟ್ ಒಡೀಬ್ಯಾಡ) ಅಂತ ಹಾಕಿ ಪಿಂಗ್ ಮಾಡಿದ್ರ 1432 ಬೈಟ್ ದಾಟ್ತದ, 1433 ದಾಟಂಗಿಲ್ಲ. ಹೆಡರಿನ 28 ಸೇರಿಸಿದ್ರ 1460. ಅಂದ್ರ ಈಥರ್ನೆಟ್ಟಿನ ಪೂರಾ 1500 ಬೈಟ್ ಸಿಗವಲ್ದು. ನಡುವ ಎಲ್ಲೋ ಟನಲ್ (ಪ್ಯಾಕೆಟ್ಟಿಗೆ ಇನ್ನೊಂದು ಹೆಡರ್ ಸುತ್ತಿ ಕಳಿಸೋದು) ಇರಬೇಕು. ಪ್ಯಾಕೆಟ್ ದೊಡ್ಡದಾತು ಅನ್ನೋ ಐಸಿಎಂಪಿ (ನೆಟ್‌ವರ್ಕ್ ತೊಂದರೆ ತಿಳಿಸೋ ಸಂದೇಶ) ಉತ್ತರವೂ ವಾಪಸ್ ಬರಂಗಿಲ್ಲ, ಸುಮ್ನ ಟೈಮ್‌ಔಟ್.

ಪೋರ್ಟಿನ ಸ್ಪೀಡ್-ಡ್ಯೂಪ್ಲೆಕ್ಸ್ ಎರಡೂ ಕಡೆ 100 ಫುಲ್ (100 ಎಂಬಿಪಿಎಸ್, ಒಂದೇ ಹೊತ್ತಿಗೆ ಎರಡೂ ದಿಕ್ಕು), ಸಿಆರ್‌ಸಿ ಎರರ್ (ಕೆಟ್ಟು ಬಂದ ಫ್ರೇಮ್) ಸೊನ್ನೆ. ಸರ್ವರಿನ ವಿಂಡೋಸ್ ಫೈರ್‌ವಾಲಿನ್ಯಾಗ ಯಾದಗಿರಿ ಸಬ್‌ನೆಟ್ಟಿಗೂ ಅನುಮತಿ ಕೊಟ್ಟಾಗ್ಯದ.

ಕೇಳೋದಿಷ್ಟು: ಎರಡೂ ರೂಟರಿನ ವ್ಯಾನ್ (ಲೈನ್ ಕಡೆಯ) ಪೋರ್ಟಿಗೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) 1460, ಟಿಸಿಪಿ ಎಂಎಸ್‌ಎಸ್ (ಹೆಡರ್ ಬಿಟ್ಟು ಡೇಟಾದ ಗರಿಷ್ಠ ಅಳತೆ) 1420 ಹಾಕಿದ್ರ ಸಾಕೇನ್ರಿ, ಇಲ್ಲಾ ಲೈನ್ ಕೊಟ್ಟವರಿಂದಲೇ 1500 ಮಾಡಿಸಬೇಕಾ? ಅವರು ‘ಪಿಂಗ್ ಬರ್ತದಲ್ರಿ’ ಅಂತ ಕಂಪ್ಲೇಂಟ್ ಮುಚ್ಚಿಬಿಡ್ತಾರ. ಎಂಎಸ್‌ಎಸ್ ಟಿಸಿಪಿಗಷ್ಟೇ, ಮುಂದ ಸಿಸಿಟಿವಿ ಯುಡಿಪಿಯಲ್ಲಿ (ಟಿಸಿಪಿ ಅಲ್ಲದ ಇನ್ನೊಂದು ಕಳಿಸೋ ವಿಧಾನ) ಹರಿಸಿದ್ರ ಮತ್ತ ಇದೇ ಗೋಳೇನು? ಇಂಥಾ ಲೈನ್ ನಡೆಸಿದವರು ಹೇಳ್ರಿ.