ಅಮೆರಿಕದ ಬೆಟ್ಟಗಾಡಿನ ಬ್ಲೂಗ್ರಾಸ್ ಸಂಗೀತದ ಕೂಟದಲ್ಲಿ ಖಂಜಿರ ತೆಗೆದೆ, ಎಲ್ಲರೂ ಕಾಫಿಗೆ ಎದ್ದುಹೋದರು. ತಪ್ಪು ಎಲ್ಲಾಯಿತು?

ಖಂಜಿರಪ್ಪ:

ಎಲ್ಲರಿಗೂ ನಮಸ್ಕಾರ. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ಗೆ ಬಂದು ಆರು ವರ್ಷವಾಯಿತು. ಊರಲ್ಲಿದ್ದಾಗ ಹದಿನಾಲ್ಕು ವರ್ಷ ಮೃದಂಗ ಕಲಿತೆ, ಕಚೇರಿ ಮಟ್ಟಕ್ಕೆ ಏರಲಿಲ್ಲ. ಇಲ್ಲಿಗೆ ತಂದದ್ದು ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಚರ್ಮವಾದ್ಯ ಖಂಜಿರ ಒಂದನ್ನೇ. ಅದು ಯಾವಾಗಲೂ ಕಾರಿನ ಹಿಂದಿನ ಸೀಟಿನಲ್ಲಿ, ಮಗಳ ಬೂಸ್ಟರ್ ಸೀಟಿನ ಪಕ್ಕ ಕೂತಿರುತ್ತದೆ.

ಹೋದ ಶನಿವಾರ ಬೂನ್ ದಾಟಿ ಬ್ಲೂ ರಿಡ್ಜ್ ಬೆಟ್ಟಗಳ ಒಳಗಿರುವ ಒಂದು ಪುಟ್ಟ ಊರಿನ ಹಬ್ಬಕ್ಕೆ ಹೋಗಿದ್ದೆವು. ಇರುವುದೇ ಒಂದು ಬೀದಿ. ಅದರ ತುದಿಯಲ್ಲಿ ಸಿಹಿ ಜೋಳದ ದಂಟನ್ನು ಗಾಣಕ್ಕೆ ಕೊಟ್ಟು, ರಸವನ್ನು ಅಗಲ ಬಾಣಲೆಯಲ್ಲಿ ಕುದಿಸುತ್ತಿದ್ದರು. ಥೇಟ್ ನಮ್ಮ ಆಲೆಮನೆ, ಥೇಟ್ ಜೋನಿ ಬೆಲ್ಲ! ವಾಸನೆಗೇ ಹೆಂಡತಿ ಅಲ್ಲಿಂದ ಕದಲಲಿಲ್ಲ. ನಾನು ಸದ್ದು ಹಿಡಿದು ವೇದಿಕೆ ಕಡೆ ನಡೆದೆ.

ಹುಲ್ಲಿನ ಮೇಲೆ ಪ್ಲೈವುಡ್ ಹಲಗೆ ಹಾಸಿದ್ದರು. ಎಂಟು ಜೋಡಿ ಹತ್ತಿದರು, ಹನ್ನೆರಡು ವರ್ಷದವಳಿಂದ ಎಪ್ಪತ್ತರ ಅಜ್ಜನವರೆಗೆ. ಬೂಟಿನ ಅಡಿಯಲ್ಲಿ ಲೋಹದ ಲಾಳ. ಮೈ ನೆಟ್ಟಗೆ, ಕೈ ಸುಮ್ಮನೆ ಜೋತುಬಿದ್ದಿದೆ, ಮುಖದಲ್ಲಿ ಅಭಿನಯ ಗಿಭಿನಯ ಏನೂ ಇಲ್ಲ. ಮೊಣಕಾಲಿನಿಂದ ಕೆಳಗೆ ಮಾತ್ರ ಕೆಂಡ ತುಳಿದ ಹಾಗೆ. ಹದಿನಾರು ಜನರ ಕಾಲು ಒಂದೇ ಪೆಟ್ಟಿಗೆ ಬಿದ್ದಾಗ ನನ್ನ ಬೆರಳು ತನ್ನಷ್ಟಕ್ಕೆ ಪ್ಯಾಂಟಿನ ಮೇಲೆ ಬಾರಿಸಲು ಶುರುಮಾಡಿತು. ಅಲ್ಲೇ ನಾನು ಕೆಟ್ಟದ್ದು.

ಚರ್ಚಿನ ಹಿಂದೆ ಒಂದು ಟೆಂಟ್ ಕೆಳಗೆ ಏಳೆಂಟು ಜನ ವೃತ್ತವಾಗಿ ಕೂತು ನುಡಿಸುತ್ತಿದ್ದರು. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಎರಡು ಗಿಟಾರ್, ಆಳೆತ್ತರದ ಬಾಸ್. ಕುರ್ಚಿ ತೋರಿಸಿ ಕೂರಿಸಿದರು. ಮೂರನೇ ಹಾಡಿಗೆ ಕಾರಿನಿಂದ ಖಂಜಿರ ತಂದು ಮೆಲ್ಲಗೆ ಸೇರಿಕೊಂಡೆ. ತಾಳ ತಪ್ಪಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಚರ್ಮ ಒತ್ತಿ ತೆಗೆಯುವ ಆಳದ ನಾದ, ಗುಮ್ಕಿ, ಅದನ್ನೂ ಹಾಕಿದೆ. ಹಾಡು ಮುಗಿಯಿತು. ಬ್ಯಾಂಜೊ ಅಜ್ಜ, ‘ಪುಟ್ಟ ಡೋಲು ಚೆನ್ನಾಗಿದೆ’ ಅಂದರು. ಆಮೇಲೆ ಯಾರೂ ಮುಂದಿನ ಹಾಡು ಎತ್ತಲಿಲ್ಲ. ಒಬ್ಬರು ಕಾಫಿ ಅಂದರು, ಇನ್ನೊಬ್ಬರು ತಂತಿ ಬದಲಿಸಬೇಕು ಅಂದರು. ಹತ್ತು ನಿಮಿಷ ಬಿಟ್ಟು ನೋಡಿದರೆ ಅದೇ ವೃತ್ತ ಬೀದಿಯ ಆಚೆ ಬದಿಯಲ್ಲಿ ಕೂತಿದೆ!

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇವರಿಗೆ ಚರ್ಮವಾದ್ಯ ನಿಷಿದ್ಧವೇ? ಅಥವಾ ನಾನೇ ಏನೋ ಅಸಭ್ಯವಾಗಿ ನಡೆದುಕೊಂಡೆನೇ?

ಹಳೇ ಸೈಕಲ್:

ನೇರವಾಗಿ ಹೇಳ್ಲಾ ಗುರುಗಳೇ? ನಮ್ಮ ಬಣ್ಣ ನೋಡಿ ಎದ್ದಿರ್ತಾರೆ. ಬೆಟ್ಟದ ಮೇಲಿನ ಊರು ಬೇರೆ. ಜಾಸ್ತಿ ತಲೆ ಕೆಡಿಸ್ಕೋಬೇಡಿ.

ಖಂಜಿರಪ್ಪ:

ವಾಪಸ್ ಬರುವಾಗ ನನಗೂ ಆ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಹೊರಡುವಾಗ ಪಿಟೀಲಿನ ಹೆಂಗಸು ಕಾರಿನ ತನಕ ಬಂದು ಮಗಳ ಕೈಗೆ ಜೋನಿ ಬೆಲ್ಲದ ಶೀಸೆ ಕೊಟ್ಟರು, ‘ಮುಂದಿನ ವರ್ಷವೂ ಬನ್ನಿ’ ಅಂದರು. ಖಂಜಿರ ತರಬೇಡಿ ಅನ್ನಲಿಲ್ಲ, ತನ್ನಿ ಅಂತಲೂ ಅನ್ನಲಿಲ್ಲ.

ಐದನೇ ತಂತಿ:

ಖಂಜಿರಪ್ಪನವರೇ, ನಾನು ವರ್ಜೀನಿಯಾದ ರೋನೋಕ್‌ನಲ್ಲಿದ್ದೇನೆ, ಬ್ಯಾಂಜೊ ಹಿಡಿದು ಒಂಬತ್ತು ವರ್ಷ. ನಿಮ್ಮ ಕಥೆ ಓದಿ ಮೊದಲು ನಕ್ಕೆ, ಕ್ಷಮಿಸಿ. ಇಂಥದ್ದೇ ಪ್ರಸಂಗವನ್ನು ನಾನು ಆಚೆ ಕುರ್ಚಿಯಲ್ಲಿ ಕೂತು ನೋಡಿದ್ದೇನೆ. ಆವತ್ತು ಬೊಂಗೊ ತಂದವನು ಇಲ್ಲಿಯವನೇ, ಬಿಳಿಯ ಹುಡುಗ. ಅವನಿಗೂ ಇದೇ ಕಾಫಿ.

ಬ್ಲೂಗ್ರಾಸ್‌ನಲ್ಲಿ ಡ್ರಮ್ ಇಲ್ಲ. ಈ ಸಂಗೀತದ ಜನಕ ಬಿಲ್ ಮನ್ರೋ ಕೆಂಟಕಿಯವರು, ತಮ್ಮ ರಾಜ್ಯದ ಅಡ್ಡಹೆಸರನ್ನೇ ತಂಡಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಅಂತ ಇಟ್ಟರು. 1945ರ ಡಿಸೆಂಬರ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬ್ಯಾಂಜೊ ತಂದು ಆ ತಂಡ ಸೇರಿದ ಮೇಲೆ ಈ ಸಂಗೀತ ಇವತ್ತಿನ ರೂಪಕ್ಕೆ ಬಂತು. ಹಾಗಾದರೆ ತಾಳ ಯಾರದ್ದು? ಬಾಸ್ ಒಂದು ಮತ್ತು ಮೂರಕ್ಕೆ ‘ದುಂ’ ಅನ್ನುತ್ತೆ. ಮ್ಯಾಂಡೊಲಿನ್‌ನವರು ಎರಡು ಮತ್ತು ನಾಲ್ಕಕ್ಕೆ ತಂತಿ ಹೊಡೆದು ಆ ಕ್ಷಣವೇ ಬೆರಳು ಸಡಿಲಿಸಿ ನಾದ ಕೊಲ್ಲುತ್ತಾರೆ, ‘ಚಕ್’ ಅಂತ. ಇದಕ್ಕೆ ಚಾಪ್ ಅಂತಾರೆ. ಡ್ರಮ್ ಅಂದರೆ ಅದೇ. ನೀವು ಗುಮ್ಕಿ ಹಾಕಿದಾಗ ಬಾಸಿನ ಮೇಲೆ ಕೂತಿರಿ, ನಮ್ಮ ಖಂಜಿರದ ಚಾಪು ಪೆಟ್ಟು ಹೊಡೆದಾಗ ಮ್ಯಾಂಡೊಲಿನ್ ತೊಡೆಯ ಮೇಲೆ ಕೂತಿರಿ. ಇಬ್ಬರು ಮೃದಂಗದವರಿರುವ ಕಚೇರಿಗೆ ಮೂರನೆಯವನು ಹೇಳದೆ ಕೇಳದೆ ಮೃದಂಗ ಹೊತ್ತು ಬಂದರೆ ನಾವೇನು ಮಾಡ್ತೀವಿ? ಅವರಾದರೂ ಕಾಫಿಗೆ ಹೋದರು.

ತಾಳ ಬಲ್ಲವರು ನೀವು, ಅದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಬ್ಯಾಂಜೊ ಬಲಗೈ ಸುತ್ತನ್ನು ರೋಲ್ ಅಂತೀವಿ. ಹೆಬ್ಬೆರಳು, ತೋರು, ನಡು. ತಾಳದ ಒಂದು ಸುತ್ತಿಗೆ ಎಂಟು ಸ್ವರ, ಫಾರ್ವರ್ಡ್ ರೋಲಿನಲ್ಲಿ ಅದು ಮೂರು-ಮೂರು-ಎರಡಾಗಿ ಒಡೆಯುತ್ತೆ. ತಕಿಟ ತಕಿಟ ತಕ! ಕೆಳಗೆ ಬಾಸ್ ಸಮವಾಗಿ ನಡೀತಿದೆ, ಮೇಲೆ ತಕಿಟ ತಕಿಟ ತಕ. ಇದು ಕಿವಿಗೆ ಬಿದ್ದ ದಿನ ನಾನು ಬ್ಯಾಂಜೊ ಕೊಂಡೆ. ನನ್ನ ಹೆಸರಿನ ಆ ಗಿಡ್ಡ ಐದನೇ ತಂತಿ ಕುತ್ತಿಗೆಯ ನಡುವಿನಿಂದ ಶುರುವಾಗುತ್ತೆ. ಅದನ್ನು ಎಡಗೈ ಹೆಚ್ಚಾಗಿ ಒತ್ತುವುದೇ ಇಲ್ಲ, ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದುಕೊಂಡಿರುತ್ತೆ. ಇದು ಆಫ್ರಿಕಾದ ಬಳುವಳಿ. ಗುಲಾಮರಾಗಿ ಬಂದವರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡುತ್ತಿದ್ದ ವಾದ್ಯವೇ ಬ್ಯಾಂಜೊದ ಅಜ್ಜಿ. ನಿಮ್ಮ ಖಂಜಿರದ ಚರ್ಮ ಆ ವೃತ್ತದಲ್ಲಿ ಆಗಲೇ ಇತ್ತು ಅನ್ನಿ, ಬ್ಯಾಂಜೊ ಹೊಟ್ಟೆಯ ಮೇಲೆ.

ಹಳೇ ಸೈಕಲ್:

ಹಾಗಾದ್ರೆ ನನ್ನ ಮಾತು ವಾಪಸ್. ಆದ್ರೆ ಮೇಡಂ, ಗುಲಾಮರು ಡೋಲು ಬಾರಿಸಬಾರದು ಅಂತ ಕಾನೂನು ಇತ್ತಲ್ಲ, ಅದಕ್ಕೇ ಬ್ಲೂಗ್ರಾಸ್‌ನಲ್ಲೂ ಡ್ರಮ್ ಇಲ್ವಾ?

ಐದನೇ ತಂತಿ:

ಕಾನೂನು ನಿಜ. ಗುಲಾಮರ ಸ್ಟೊನೊ ದಂಗೆ ಆದದ್ದು 1739ರಲ್ಲಿ, ಮರುವರ್ಷವೇ ಸೌತ್ ಕ್ಯಾರೊಲಿನಾ ಡೋಲು, ಕಹಳೆ ಎರಡನ್ನೂ ನಿಷೇಧಿಸಿತು. ಕೈ ತಟ್ಟಿ, ತೊಡೆ ತಟ್ಟಿ, ಕಾಲು ತಟ್ಟಿ ತಾಳ ಹಾಕುವ ಕಲೆ ಆ ಜನರಲ್ಲಿ ಗಟ್ಟಿಯಾಯಿತು, ಬೆಟ್ಟದ ಕುಣಿತಕ್ಕೂ ಅದರ ಋಣ ಇದೆ. ಆದರೆ ಅಲ್ಲಿಂದ 1945ಕ್ಕೆ ಒಂದೇ ಗೆರೆ ಎಳೆಯುವುದು ನನಗೆ ಒಪ್ಪಿಗೆ ಇಲ್ಲ. ನಡುವೆ ಇನ್ನೂರು ವರ್ಷ ಇದೆ ಸೈಕಲ್ಲಣ್ಣ.

ಹಿಮ್ಮಡಿ:

ತಡವಾಗಿ ಬಂದೆ. ನಾನು ಆಶ್ವಿಲ್ ಹತ್ತಿರ ಇರೋದು, ನೀವು ಹಲಗೆ ಮೇಲೆ ನೋಡಿದ ಕಾಲಿನ ಕುಣಿತ, ಕ್ಲಾಗಿಂಗ್, ಕಲಿಯೋಕೆ ಶುರುಮಾಡಿ ನಾಲ್ಕು ವರ್ಷ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಭರತನಾಟ್ಯ. ಖಂಜಿರಪ್ಪ ಸರ್, ಉತ್ತರ ನಿಮ್ಮ ಕಣ್ಣೆದುರೇ ಇತ್ತು. ಅಲ್ಲಿ ಚರ್ಮವಾದ್ಯ ಬಾರಿಸೋರು ಆ ಹದಿನಾರು ಜನ! ಬೆರಳು ಕುಣೀತು ಅಂದ್ರಲ್ಲ, ಆ ಹೊತ್ತಲ್ಲಿ ಖಂಜಿರ ತರೋದು ಬಿಟ್ಟು ಹಲಗೆ ಹತ್ತಬೇಕಿತ್ತು.

ಮೊದಲ ತಿಂಗಳು ನನ್ನದು ದೊಡ್ಡ ಫಜೀತಿ. ತಟ್ಟಡವು ಅಭ್ಯಾಸ ಆದ ಕಾಲು, ಅರೆಮಂಡಿಗೆ ಇಳಿದು ಇಡೀ ಪಾದ ಅಪ್ಪಳಿಸುತ್ತೆ. ಟೀಚರ್ ಪ್ರತಿ ಸಲ ಹೇಳೋರು, ಮಂಡಿ ಸಡಿಲ ಬಿಡು, ನೆಟ್ಟಗೆ ನಿಲ್ಲು, ನೆಲ ಹೊಡೀಬೇಡ, ನೆಲಕ್ಕೆ ಬೀಳು. ಮೂಲ ಹೆಜ್ಜೆಯನ್ನ ನನ್ನ ಭಾಷೆಗೆ ನಾನೇ ಇಳಿಸ್ಕೊಂಡೆ: ‘ತಕ ತೈ ದಿ ತೈ’. ‘ತಕ’ ಅಂದ್ರೆ ಎಡಗಾಲಿನ ತುದಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ನೆಲ ಸವರಬೇಕು. ‘ತೈ’ಗೆ ಅದೇ ಎಡಗಾಲು ಊರಬೇಕು. ‘ದಿ’ಗೆ ಬಲಗಾಲಿನ ಮುಂಭಾಗ ಹಿಂದೆ ಒತ್ತಿ, ಮತ್ತೆ ‘ತೈ’ಗೆ ಎಡಗಾಲು. ಎರಡೂ ‘ತೈ’ಗೆ ಹಿಮ್ಮಡಿ ಕೆಳಗೆ, ಮೈ ತೂಕವೂ ಕೆಳಗೆ. ಆಮೇಲೆ ಬಲಗಾಲಿಂದ ಶುರು. ಹೇಳೋಕೆ ಇಷ್ಟೇ. ಬ್ಯಾಂಜೊ ವೇಗಕ್ಕೆ ಹೊಂದಿಸೋಕೆ ನನಗೆ ಎಂಟು ತಿಂಗಳು ಬೇಕಾಯ್ತು.

ನೀವು ನೋಡಿದ್ದು ತಂಡದ ಕ್ಲಾಗಿಂಗ್. 1928ರಲ್ಲಿ ಬಾಸ್ಕಮ್ ಲಮಾರ್ ಲನ್ಸ್‌ಫರ್ಡ್ ಆಶ್ವಿಲ್‌ನಲ್ಲಿ ಬೆಟ್ಟದ ಕುಣಿತ-ಹಾಡಿನ ಹಬ್ಬ ಶುರು ಮಾಡಿದ್ರು, ಅದು ಈಗಲೂ ನಡೀತಿದೆ. ಅಲ್ಲಿನ ಸ್ಪರ್ಧೆಗಳಲ್ಲಿ ಜೋಡಿಗಳು ಚೌಕವಾಗಿ ನಿಂತು ಕುಣಿಯೋ ಸ್ಕ್ವೇರ್ ಡಾನ್ಸ್ ಜೊತೆ ಈ ಕಾಲಿನ ಸದ್ದು ಸೇರಿ ತಂಡದ ಕಲೆ ಆಯ್ತು. ಮ್ಯಾಗಿ ವ್ಯಾಲಿ ಕಡೆಯ ಸ್ಯಾಮ್ ಕ್ವೀನ್ ತಂಡ 1939ರಲ್ಲಿ ಶ್ವೇತಭವನದಲ್ಲಿ, ಬ್ರಿಟನ್ನಿನ ರಾಜ ರಾಣಿ ಎದುರಿಗೇ ಕುಣಿದು ಬಂತು. 2005ರಲ್ಲಿ ನಾರ್ತ್ ಕ್ಯಾರೊಲಿನಾ ಕ್ಲಾಗಿಂಗನ್ನ ರಾಜ್ಯದ ಜನಪದ ನೃತ್ಯ ಅಂತ ಮಾಡಿತು. ಒಬ್ಬೊಬ್ಬರೇ, ಪಾದ ನೆಲ ಬಿಡದ ಹಾಗೆ ಮೆತ್ತಗೆ ಆಡೋದು ಫ್ಲಾಟ್‌ಫುಟ್. ನಿಮಗೆ ಹೇಳಿ ಮಾಡಿಸಿದ್ದು ಅದು, ಬಾಯಲ್ಲಿ ಕೊನ್ನಕ್ಕೋಲ್, ಅಂದ್ರೆ ತಾಳದ ಸೊಲ್ಲು, ಇರೋರಿಗೆ ಬೇಗ ಹತ್ತುತ್ತೆ.

ಒಂದು ಎಚ್ಚರಿಕೆ. ಲಾಳದ ಬೂಟು ಹಾಕ್ಕೊಂಡು ಹೋಗಿ ಆ ವೃತ್ತದ ಪಕ್ಕ ಧಡಧಡ ಅಂದ್ರೆ ಮತ್ತೆ ಕಾಫಿ!

ಖಂಜಿರಪ್ಪ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೊನ್ನೆ ಶುಕ್ರವಾರ ವರ್ಜೀನಿಯಾದ ಫ್ಲಾಯ್ಡ್‌ಗೆ ಹೋಗಿದ್ದೆ. ಅಲ್ಲಿನ ಹಳೇ ಅಂಗಡಿಯೊಳಗೆ ಶುಕ್ರವಾರ ರಾತ್ರಿ ಕುಣಿತ ಇರುತ್ತದೆ, ಹೊರಗೆ ಫುಟ್‌ಪಾತ್ ಮೇಲೆ ನುಡಿಸುವವರ ಗುಂಪುಗಳು. ಖಂಜಿರ ಮನೆಯಲ್ಲೇ ಬಿಟ್ಟಿದ್ದೆ, ಕೈಯಿಗೆ ಏನೋ ಕಳೆದುಕೊಂಡ ಹಾಗೆ. ಹೊರಗೆ ಒಂದು ಗಂಟೆ ಬರೀ ಮ್ಯಾಂಡೊಲಿನ್ ನೋಡುತ್ತಾ ನಿಂತೆ. ಐದನೇ ತಂತಿಯವರೇ, ‘ಚಕ್’ ಕೇಳಿಸಿತು. ಕೇಳಿಸಿದ ಮೇಲೆ ನಾಚಿಕೆಯೂ ಆಯಿತು. ನಾನು ಆವತ್ತು ಪ್ರತಿ ‘ಚಕ್’ ಮೇಲೂ ಬಿದ್ದಿದ್ದೆ.

ಇನ್ನೊಂದು ಕಂಡೆ. ಹಾಡು ಎತ್ತಿದವರು ಕೊನೆಯ ಸುತ್ತಿಗೆ ಒಂದು ಕಾಲನ್ನು ಮುಂದಕ್ಕೆ ಚಾಚುತ್ತಾರೆ, ಎಲ್ಲರೂ ಅಲ್ಲಿಗೆ ನಿಲ್ಲಿಸುತ್ತಾರೆ. ನಮ್ಮಲ್ಲಿ ಮೂರು ಸಲ ಮುಕ್ತಾಯ ಬಾರಿಸಿದರೂ ನಿಲ್ಲಿಸದ ಗಾಯಕರಿದ್ದಾರೆ, ಅವರಿಗೆ ಈ ಕಾಲು ತೋರಿಸಬೇಕು.

ಒಳಗೆ ಹಲಗೆಯ ನೆಲದ ಅಂಚಿನಲ್ಲಿ ನಿಂತು ‘ತಕ ತೈ ದಿ ತೈ’ ಮಾಡಲು ನೋಡಿದೆ. ಓವರಾಲ್ಸ್ ತೊಟ್ಟ ಒಬ್ಬ ಮುದುಕರು ಪಕ್ಕಕ್ಕೆ ಬಂದು ನಿಂತರು. ಏನೂ ಹೇಳಲಿಲ್ಲ, ತಮ್ಮ ಕಾಲನ್ನು ನನ್ನ ಕಾಲಿನ ಪಕ್ಕ ಇಟ್ಟು ನಿಧಾನಕ್ಕೆ ಮಾಡಿದರು. ನನ್ನ ‘ದಿ’ ತಡವಾಗುತ್ತಿತ್ತು. ಕೈಯಲ್ಲಿ ಎಂದೂ ತಡವಾಗದವನು ನಾನು! ನಾಲ್ಕನೇ ಹಾಡಿಗೆ ಒಂದು ಪೂರ್ತಿ ಸುತ್ತು ಕೂತಿತು, ಐದನೆಯದಕ್ಕೆ ಮತ್ತೆ ಹೋಯಿತು. ಮಗಳಿಗೆ ಮೊದಲ ಹಾಡಿಗೇ ಬಂತು, ಅದನ್ನು ಇಲ್ಲಿ ಬರೆಯುವುದು ಬೇಡ ಅಂದುಕೊಂಡಿದ್ದೆ.

ಹಿಮ್ಮಡಿ ಮೇಡಂ, ನನ್ನ ಹಳೇ ಆಫೀಸ್ ಬೂಟಿಗೆ ಚರ್ಮದ ಅಟ್ಟೆ ಇದೆ. ಅದಕ್ಕೇ ಲಾಳ ಹೊಡೆಸಲೇ?

ಹಿಮ್ಮಡಿ:

ಲಾಳ ಈಗಲೇ ಬೇಡ ಸರ್, ತಪ್ಪು ಹೆಜ್ಜೆಯೂ ಜೋರಾಗಿ ಕೇಳಿಸುತ್ತೆ. ಚರ್ಮದ ಅಟ್ಟೆ ಇದ್ರೆ ಸಾಕು, ಚೆನ್ನಾಗಿ ಜಾರುತ್ತೆ. ಅಡುಗೆಮನೆ ಟೈಲ್ಸ್ ಮೇಲೆ ಮಾತ್ರ ಮಾಡಬೇಡಿ, ಅಡಿಯಲ್ಲಿ ಕಾಂಕ್ರೀಟ್ ಇದ್ರೆ ಮಂಡಿ ಹೋಗುತ್ತೆ. ಮುಕ್ಕಾಲು ಇಂಚಿನ ಪ್ಲೈವುಡ್ ತಂದು ಕಾರ್ಪೆಟ್ ಮೇಲೆ ಹಾಕ್ಕೊಳ್ಳಿ. ಇಬ್ಬರಿಗೂ ಸಾಕಾಗುವಷ್ಟು ದೊಡ್ಡದು ತನ್ನಿ, ಮಗಳು ಬಿಡೋಳಲ್ಲ.