ರೇಸಿನ ಬಟನ್ ಟಯರ್ ದಿನದ ಓಡಾಟಕ್ಕೆ ಎಷ್ಟು ದಿನ ಬರುತ್ತದೆ?

ಪ್ರಶ್ನೆ (ಕಾರ್ಕಳದ ರೈಡರ್): ಅಣ್ಣ, ನನ್ನದು ಎಕ್ಸ್‌ಪಲ್ಸ್ 200 ಬೈಕ್. ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಹೋಗಿ ಬರುವಾಗ 60 ಕಿ.ಮೀ. ದಾಟುತ್ತದೆ. ಭಾನುವಾರ ಮಾತ್ರ ರಬ್ಬರ್ ತೋಟದ ಮಣ್ಣು ದಾರಿಯಲ್ಲಿ ಓಡಿಸುತ್ತೇನೆ. ಪರಿಚಯದವರ ಹತ್ತಿರ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಬೈಕ್) ರೇಸಿನ ಹಿಂದಿನ ಚಕ್ರದ ಬಟನ್ ಟಯರ್ ಒಂದುಂಟು, ಮೇಲೆಲ್ಲ ಎತ್ತರದ ರಬ್ಬರ್ ತುಂಡುಗಳು ಎದ್ದು ನಿಂತಿರುವಂಥದ್ದು. 18 ಇಂಚಿನದ್ದು, ಹಾಕಿಯೇ ಇಲ್ಲ, ಕಡಿಮೆ ರೇಟಿಗೆ ಕೊಡುತ್ತಾರಂತೆ. ಹಾಕಿದರೆ ಎಷ್ಟು ಕಿಲೋಮೀಟರ್ ಬಂದೀತು?

ಉತ್ತರ (ಉಡುಪಿಯಲ್ಲಿ ಟಯರ್ ಅಂಗಡಿ ನಡೆಸುವವರು): ಮಣ್ಣಿನಲ್ಲೇ ಓಡಿಸುವುದಾದರೆ ತುಂಬಾ ದಿನ ಬರುತ್ತದೆ. ಡಾಂಬರಿನಲ್ಲಿ ಬೇಗ ಮುಗಿಯುತ್ತದೆ. ನಮ್ಮಲ್ಲಿಗೆ ಬರುವ 200 ಸಿಸಿ ಗಾಡಿಗಳಲ್ಲಿ ಹಿಂದಿನ ಬಟನ್ ಟಯರ್ ರಸ್ತೆಯಲ್ಲಿ ಸುಮಾರು 2,000ದಿಂದ 4,000 ಕಿ.ಮೀ. ಬಂದದ್ದನ್ನು ನೋಡಿದ್ದೇನೆ. ಅಪ್ಪಟ ರೇಸಿನ ಟಯರ್ ಆದರೆ ಅದರಲ್ಲಿ ಕಡಿಮೆಯ ಲೆಕ್ಕವನ್ನೇ, ಅಂದ್ರೆ 2,000 ಹಿಡಿಯಿರಿ. ನಿಮ್ಮದು ತಿಂಗಳಿಗೆ 25 ದಿನ ಓಡಾಟ ಅಂದ್ರೂ 1,500 ಕಿ.ಮೀ. ಆಯ್ತು. ಎರಡು ತಿಂಗಳಲ್ಲಿ ಇನ್ನೊಂದು ಟಯರ್ ಹುಡುಕಬೇಕು. ಕಡಿಮೆ ರೇಟಿಗೆ ಸಿಕ್ಕಿತು ಎಂಬ ಖುಷಿ ಅಷ್ಟೇ ದಿನ.

ಕಾರಣ ಬಿಸಿ. ಮಣ್ಣಿನಲ್ಲಿ ಬಟನ್ ನೆಲದೊಳಗೆ ಇಳಿಯುತ್ತದೆ, ಮಣ್ಣೂ ಸ್ವಲ್ಪ ಸರಿದು ಜಾಗ ಕೊಡುತ್ತದೆ. ಡಾಂಬರು ಜಾಗ ಕೊಡುವುದಿಲ್ಲ. ಗಾಡಿಯ ಭಾರವೆಲ್ಲ ನಾಲ್ಕಾರು ಬಟನ್‌ಗಳ ತುದಿಯ ಮೇಲೆ ಬೀಳುತ್ತದೆ. ಅವು ಅತ್ತಿತ್ತ ಬಾಗಿ ಬಾಗಿ ಬುಡದಲ್ಲಿ ಬಿಸಿಯಾಗುತ್ತವೆ, ಆಮೇಲೆ ಬಿರುಕು ಬಿಡುತ್ತವೆ. ಕಳೆದ ಬೇಸಿಗೆಯಲ್ಲಿ ಒಂದು ಗಾಡಿ ಬಂದಿತ್ತು. ನಡುವಿನ ಸಾಲಿನಲ್ಲಿ ಮೂರು ಬಟನ್ ಬುಡಸಮೇತ ಕಿತ್ತು ಹೋಗಿದ್ದವು, ಒಳಗಿನ ನೂಲು ಕಾಣುತ್ತಿತ್ತು. ಉಳಿದ ಬಟನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎತ್ತರ ಹಾಗೇ ಇತ್ತು. ಹುಡುಗ ಅದರಲ್ಲೇ ಹೈವೇಯಲ್ಲಿ ಬಂದಿದ್ದ. ನನಗೆ ಕೈ ನಡುಗಿತು.

ಇನ್ನೊಂದು ವಿಷಯದಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ರೇಸಿನ ಟಯರಿಗೆ ಸಾಫ್ಟ್, ಹಾರ್ಡ್ ಎಂದು ಹೇಳುವುದು ನೆಲವನ್ನು ನೋಡಿ, ರಬ್ಬರನ್ನು ನೋಡಿ ಅಲ್ಲ. ಸಾಫ್ಟ್ ಅಂದ್ರೆ ಕೆಸರು, ಮರಳಿಗೆ. ಅದರ ಬಟನ್ ಎತ್ತರ, ನಡುವೆ ಜಾಗ ಜಾಸ್ತಿ. ಹಾರ್ಡ್ ಅಂದ್ರೆ ಗಟ್ಟಿ ನೆಲಕ್ಕೆ. ಬಟನ್ ಗಿಡ್ಡ, ಒತ್ತೊತ್ತಾಗಿ ಇರುತ್ತದೆ, ರಬ್ಬರ್ ಮಾತ್ರ ಸಾಮಾನ್ಯವಾಗಿ ಮೆತ್ತಗೆ. "ಹಾರ್ಡ್ ತಗೊಂಡೆ, ಜಾಸ್ತಿ ಬಾಳಿಕೆ ಬರುತ್ತದೆ" ಎಂದು ರಸ್ತೆಗೆ ಹಾಕಿದವರು ಬೇಸರ ಮಾಡಿಕೊಂಡು ವಾಪಸ್ ಬಂದಿದ್ದಾರೆ.

ಪ್ರಶ್ನೆ (ಸುರತ್ಕಲ್‌ನಿಂದ): ನಾನು ಬಟನ್ ಟಯರ್ ಹಾಕಿ 1,800 ಕಿ.ಮೀ. ಆಯ್ತು. ಬಟನ್ ಇನ್ನೂ ಎತ್ತರ ಉಂಟು, ಆದ್ರೆ ಮಣ್ಣಿನ ಏರಿನಲ್ಲಿ ಮೊದಲಿನ ಹಾಗೆ ಹಿಡಿಯುವುದಿಲ್ಲ. ಎಂತ ಕಾರಣ?

ಉತ್ತರ: ಎತ್ತರ ನೋಡಬೇಡಿ, ಅಂಚು ನೋಡಿ ಮಾರಾಯ್ರೆ. ಹೊಸ ಬಟನಿನ ಮೇಲೆ ಬೆರಳು ಆಡಿಸಿದರೆ ಅಂಚು ಚುಚ್ಚುತ್ತದೆ, ಮರದ ಪೆಟ್ಟಿಗೆಯ ಮೂಲೆಯ ಹಾಗೆ. ಮಣ್ಣನ್ನು ಕಚ್ಚುವುದು ಆ ಅಂಚೇ. ಈಗ ನಿಮ್ಮದರಲ್ಲಿ ಆಡಿಸಿ ನೋಡಿ, ಸವೆದ ಸೋಪಿನ ಹಾಗೆ ಜಾರುತ್ತದೆ. ಹಿಂದಿನ ಚಕ್ರ ಗಾಡಿಯನ್ನು ತಳ್ಳುವಾಗ ಬಟನಿನ ಒಂದೇ ಮಗ್ಗುಲು ಉರುಟಾಗುತ್ತದೆ. ಇನ್ನೊಂದು ಮಗ್ಗುಲು ಚೂಪಾಗಿಯೇ ಇರುತ್ತದೆ. ಟಯರಿನ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣ ಇಲ್ಲದಿದ್ದರೆ, ಅಥವಾ ಎರಡೂ ದಿಕ್ಕಿಗೆ ಬಾಣ ಇದ್ದರೆ, ಬಿಚ್ಚಿ ತಿರುಗಿಸಿ ಹಾಕಿಸಬಹುದು. ಇನ್ನೂ ಕೆಲವು ಭಾನುವಾರ ಚೆನ್ನಾಗಿ ಹಿಡಿಯುತ್ತದೆ. ಒಂದೇ ಬಾಣ ಇದ್ದರೆ ಬೇಡ.

ಹೆಬ್ಬೆರಳಿನಿಂದ ಬಟನನ್ನು ಬಾಗಿಸಿ ಬುಡವನ್ನೂ ನೋಡಿ. ಕೂದಲೆಳೆಯ ಬಿರುಕು ಕಂಡರೆ ಆ ಟಯರ್ ಹೈವೇಗೆ ಬೇಡವೇ ಬೇಡ.

ಗಾಳಿಯ ಬಗ್ಗೆಯೂ ಹೇಳಬೇಕು. ಮಣ್ಣಿಗೆ ಹೋಗುವಾಗ 15 ಪಿಎಸ್‌ಐಗೆ ಇಳಿಸುತ್ತಾರೆ, ಸರಿ. ಹಾಗೆಯೇ ಮನೆಗೆ ಬಂದರೆ ಟಯರ್ ಕುಗ್ಗಿ ಕುಗ್ಗಿ ಬಿಸಿಯಾಗುತ್ತದೆ. ಒಂದು ಹೊಂಡಕ್ಕೆ ಬಿದ್ದರೆ ಟ್ಯೂಬ್ ರಿಮ್ಮಿನ ನಡುವೆ ಸಿಕ್ಕಿ ಎರಡು ತೂತು. ಸಣ್ಣ ಪಂಪ್ ಒಂದು ಬ್ಯಾಗಿನಲ್ಲಿ ಇರಲಿ. ಡಾಂಬರಿಗೆ ಹತ್ತುವ ಮೊದಲೇ ಗಾಡಿಯ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ.

ಪ್ರಶ್ನೆ (ಮಂಗಳೂರಿನಿಂದ): ಮಳೆಗಾಲದಲ್ಲಿ ಸವೆತ ಕಡಿಮೆ ಅಲ್ವಾ?

ಉತ್ತರ: ಕಡಿಮೆ ಹೌದು, ನೀರು ರಬ್ಬರನ್ನು ತಣ್ಣಗೆ ಇಡುತ್ತದೆ. ಆದರೆ ನಿಮ್ಮ ಊರಿನ ಕಾಂಕ್ರೀಟ್ ರಸ್ತೆ ಒದ್ದೆಯಾದಾಗ ಬಟನ್ ಟಯರಿನಲ್ಲಿ ಜೋರಾಗಿ ಬ್ರೇಕ್ ಹಿಡಿಯಬೇಡಿ. ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಟಯರಿಗೆ ನಿಜವಾದ ಕಷ್ಟಕಾಲ ಏಪ್ರಿಲ್, ಮೇ. ಒಣಗಿದ ಮುರಕಲ್ಲಿನ ಮೇಲೆ ಚಕ್ರ ಸುತ್ತಿಸಿದರೆ ಬಟನಿನ ಮೂಲೆ ಚೂರು ಚೂರಾಗಿ ಹಾರುತ್ತದೆ.

ಕಾರ್ಕಳದ ರೈಡರ್: ಹಾಗಾದ್ರೆ ನಾನು ಎಂತ ಹಾಕಲಿ ಅಣ್ಣ? ಆ ಟಯರ್ ನೋಡಿಕೊಂಡು ಬಂದೆ. ಬದಿಯಲ್ಲಿ ಇಂಗ್ಲಿಷಿನಲ್ಲಿ 'ನಾಟ್ ಫಾರ್ ಹೈವೇ ಯೂಸ್' ಅಂತ ಉಂಟು. ಕೊನೆಯಲ್ಲಿ 3217 ಎಂಬ ನಂಬರ್.

ಉತ್ತರ: ನೋಡಿಕೊಂಡು ಬಂದದ್ದು ಒಳ್ಳೆಯದಾಯ್ತು. ಮೊದಲ ಸಾಲಿನ ಅರ್ಥ ಸ್ಪಷ್ಟ, ಅದು ರಸ್ತೆಗೆ ಮಾಡಿದ ಟಯರೇ ಅಲ್ಲ. ಅದರಲ್ಲಿ ದಿನಾ ಮಣಿಪಾಲಕ್ಕೆ ಹೋಗುವುದು ಬೇಡ. 3217 ಅಂದ್ರೆ 2017ರ 32ನೇ ವಾರದಲ್ಲಿ ತಯಾರಾದದ್ದು. ಹಾಕದೆ ಇಟ್ಟರೂ ರಬ್ಬರ್ ಒಣಗುತ್ತದೆ, ಗಟ್ಟಿಯಾಗುತ್ತದೆ. ದುಡ್ಡು ಕೊಟ್ಟಿಲ್ಲ ತಾನೇ? ಕೊಡಬೇಡಿ.

ನಿಮ್ಮ ಓಡಾಟಕ್ಕೆ ರಸ್ತೆ, ಮಣ್ಣು ಎರಡಕ್ಕೂ ಆಗುವ ಡ್ಯುಯಲ್ ಪರ್ಪಸ್ ಟಯರ್ ಸಾಕು, ಗಾಡಿಯ ಜೊತೆ ಬಂದ ಜಾತಿಯದ್ದೇ. ತೋಟದ ದಾರಿಯಲ್ಲಿ ಇನ್ನೂ ಸ್ವಲ್ಪ ಹಿಡಿತ ಬೇಕಾದರೆ ಅರ್ಧ ರಸ್ತೆ, ಅರ್ಧ ಮಣ್ಣಿನ ಲೆಕ್ಕದ್ದು ತೆಗೆದುಕೊಳ್ಳಿ, ಬಾಳಿಕೆ ಸ್ವಲ್ಪ ಕಡಿಮೆ. ರೇಸಿನ ಟಯರೇ ಬೇಕೆಂಬ ಆಸೆ ಇದ್ದರೆ ಇನ್ನೊಂದು ಜೊತೆ ಚಕ್ರ ಮಾಡಿಸಿ, ಟ್ರ್ಯಾಕಿಗೆ ಗಾಡಿಯನ್ನು ಪಿಕಪ್‌ನಲ್ಲಿ ಒಯ್ಯಿರಿ. ಯಾವುದು ತೆಗೆದುಕೊಂಡರೂ ಹಾಕಿಸುವ ಮೊದಲು ಬದಿಯ ಆ ನಾಲ್ಕು ಅಂಕಿಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.