ಅಪ್ಪಯ್ಯನ ಸೊಂಟ ನೋವಿಗೆ ಕೈರೋಪ್ರಾಕ್ಟಿಕ್ ಮಾಡಿಸಬಹುದಾ?

ತೋಟದಮನೆ_ಶಿರಸಿ:
ಅಪ್ಪಯ್ಯನಿಗೆ 64 ವರ್ಷ. ಮೂರು ವಾರದ ಹಿಂದೆ ಅಟ್ಟದಿಂದ ಚಾಲಿ ಅಡಿಕೆ ಚೀಲ ಇಳಿಸುವಾಗ ಸೊಂಟ ಹಿಡಿದುಕೊಂಡಿತು. ಊರಲ್ಲಿ ಉಳುಕು ತೆಗೆಯುವವರ ಹತ್ತಿರ ಎರಡು ಸಲ ಎಣ್ಣೆ ಹಾಕಿ ನೀವಿಸಿದ್ದಾಯಿತು. ಸೊಂಟದ ನೋವು ಸ್ವಲ್ಪ ಕಡಿಮೆ, ಆದರೆ ಈಗ ಎಡಗಾಲಿನ ಹೊರಬದಿಗೆ ಪಾದದ ತನಕ ಸೆಳೆತ ಇಳಿದಿದೆ. ಅಂಗಳದಲ್ಲಿ ನಡೆಯುವಾಗ ಎಡಗಾಲಿನ ಚಪ್ಪಲಿ ಮಾತ್ರ ಜಾರಿ ಜಾರಿ ಹೋಗುತ್ತದೆ. ಬೆಂಗಳೂರಿನ ಭಾವ ಕೈರೋಪ್ರಾಕ್ಟಿಕ್ (ಬೆನ್ನಿನ ಕೀಲುಗಳನ್ನು ಕೈಯಿಂದ ಝಟ್ಟನೆ ಒತ್ತಿ ತಿರುಚುವ ಚಿಕಿತ್ಸೆ) ವಿಡಿಯೋ ಕಳಿಸಿ, ಟಕ್ ಅಂತ ಸದ್ದು ಬಂದರೆ ಮೂಳೆ ಜಾಗಕ್ಕೆ ಕೂರುತ್ತದೆ, ಕರ್ಕೊಂಡು ಬಾ ಅಂತಿದ್ದಾರೆ. ಮಾಡಿಸಿದವರು ಯಾರಾದರೂ ಇದ್ದೀರಾ?

ಕಾರವಾರದವಳು:
ನಾನು ಗೋವಾಕ್ಕೆ ಹೋಗಿ ನಾಲ್ಕು ಸಲ ಮಾಡಿಸಿದೆ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಿಗಿದುಕೊಂಡಿತ್ತು. ಪ್ರತಿ ಸಲ ಎರಡು ದಿನ ಹಗುರ, ಮೂರನೇ ದಿನ ಮತ್ತೆ ಅದೇ. ಕೊನೆಗೆ ಗುಣ ಆಗಿದ್ದು ದಿನಾ ಬೆಳಿಗ್ಗೆ ಮಾಡಿದ ವ್ಯಾಯಾಮದಿಂದ. ನನಗೆ ಕಾಲಿಗೆ ಏನೂ ಇಳಿದಿರಲಿಲ್ಲ, ಹಾಗಾಗಿ ನಿಮ್ಮಪ್ಪನಿಗೆ ಮಾಡಿಸಿ ಅಂತ ನಾನು ಹೇಳಲ್ಲ.

ಫಿಸಿಯೋ_ಕುಮಟಾ:
ನಿಮ್ಮ ಬರಹದಲ್ಲಿ ನನ್ನನ್ನು ಹೆದರಿಸಿದ್ದು ಚಪ್ಪಲಿ. ನೋವಲ್ಲ. ಚಪ್ಪಲಿ ಜಾರುತ್ತಿದೆ ಅಂದರೆ ಪಾದ ಎತ್ತುವ ಸ್ನಾಯುವಿಗೆ ಬಲ ಕಡಿಮೆ ಆಗಿರಬಹುದು, ಸೊಂಟದ ಡಿಸ್ಕ್ (ಬೆನ್ನಿನ ಮೂಳೆಗಳ ನಡುವಿನ ಮೆತ್ತೆ) ಜರುಗಿ ನರ ಒತ್ತಿದಾಗ ಹೀಗಾಗುತ್ತದೆ. ಈಗಲೇ ಅಪ್ಪನನ್ನು ಕೂರಿಸಿ ಎರಡೂ ಕಾಲಿನ ಹೆಬ್ಬೆರಳು ಮೇಲೆತ್ತಲು ಹೇಳಿ, ನೀವು ಬೆರಳಿಟ್ಟು ಕೆಳಗೆ ಒತ್ತಿ ನೋಡಿ. ಎಡದ್ದು ಸೋತರೆ ಸುಮ್ನೆ ಕಾಯಬೇಡಿ, ಯಾರಿಂದಲೂ ತಿರುಚಿಸಲೂ ಬೇಡಿ. ಮೂತ್ರ ಕಟ್ಟಿದರೆ, ಅಥವಾ ಕೂರುವ ಜಾಗ ಜೋಮು ಹಿಡಿದರೆ, ಅದು ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಬೇಕು.

ಟಕ್ ಸದ್ದಿನ ವಿಷಯ. ಅದು ಮೂಳೆ ಕೂರುವ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಆಗುವಾಗ ಬರುವುದು, ಕೆನಡಾದಲ್ಲಿ 2015ರಲ್ಲಿ ಎಂಆರ್‌ಐ ಒಳಗೆ ಬೆರಳು ಎಳೆದು ಅದನ್ನು ನೋಡಿದ್ದಾರೆ. ಮೂಳೆ ಜಾಗ ತಪ್ಪುವುದೇ ಕಾಯಿಲೆಗೆ ಕಾರಣ ಅನ್ನೋ ಮಾತು 1895ರಲ್ಲಿ ಅಮೆರಿಕದಲ್ಲಿ ಡಿ. ಡಿ. ಪಾಮರ್ ಕೈರೋಪ್ರಾಕ್ಟಿಕ್ ಶುರು ಮಾಡಿದ ಕಾಲದ್ದು. ಹಾಗಂತ ಎಲ್ಲಾ ಸುಳ್ಳಲ್ಲ, ಬರೀ ಸೊಂಟ ನೋವಿಗೆ ಇದರಿಂದ ಸ್ವಲ್ಪ ಆರಾಮ ಸಿಗುತ್ತದೆ, ಬಿಸಿ ಶಾಖ, ಮಸಾಜಿನ ಜೊತೆಗೆ ಇದನ್ನೂ ಅಮೆರಿಕದ ವೈದ್ಯರ 2017ರ ಮಾರ್ಗಸೂಚಿಯಲ್ಲಿ ಸೇರಿಸಿದ್ದಾರೆ. ಬಲ ಕುಂದಿದ ಕಾಲಿಗೆ ಅದು ಅನ್ವಯಿಸಲ್ಲ.

ಅಂಕೋಲಾ_ಅಕ್ಕ:
ತಮ್ಮಾ, ಸೊಂಟಕ್ಕೆ ಅಂತ ಹೋದರೆ ಕುತ್ತಿಗೆಯನ್ನೂ ತಿರುಗಿಸಿಬಿಡುತ್ತಾರೆ, ಅದಕ್ಕೆ ಬಿಡಬೇಡ. ಅಪರೂಪಕ್ಕೆ ಅಲ್ಲಿನ ರಕ್ತನಾಳ ಹರಿದು ಪಾರ್ಶ್ವವಾಯು ಆಗಿದ್ದುಂಟು. ನಮ್ಮ ಮನೆಯವರಿಗೆ ಕಟಿಂಗ್ ಆದ ಮೇಲೆ ಕುತ್ತಿಗೆ ಲಟಕ್ ಅನ್ನಿಸಿಕೊಳ್ಳುವ ಅಭ್ಯಾಸ ಇತ್ತು, ಜಗಳ ಮಾಡಿ ಬಿಡಿಸಿದೆ.

ತೋಟದಮನೆ_ಶಿರಸಿ:
ಈಗಷ್ಟೇ ನೋಡಿದೆ. ಬಲ ಹೆಬ್ಬೆರಳನ್ನು ಎಷ್ಟು ಒತ್ತಿದರೂ ಬಗ್ಗಲ್ಲ. ಎಡದ್ದು ಅರ್ಧ ಏಳುತ್ತದೆ, ಕಿರುಬೆರಳು ಇಟ್ಟರೂ ಬಿದ್ದುಹೋಗುತ್ತದೆ. ಅಪ್ಪಯ್ಯನೂ ಅದನ್ನೇ ನೋಡುತ್ತಾ ಕೂತರು. ಮೂತ್ರಕ್ಕೆ ತೊಂದರೆ ಇಲ್ಲವಂತೆ. ಭಾವನಿಗೆ ಫೋನ್ ಮಾಡಿ ಹೇಳಿದೆ. ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಬೆಳಿಗ್ಗೆ ಐದಕ್ಕೇ ಹುಬ್ಬಳ್ಳಿಗೆ ಹೊರಡುತ್ತೇವೆ.